ಗೆಲುವು ಯಾರ ಖಾತೆಗೆ?

ಪ್ಯಾಟ್ರಿಕ್ ಮಹೋಮ್ಸ್ 17-4. ಜಾಶ್ ಅಲೆನ್ 7-6. ಲಮಾರ್ ಜ್ಯಾಕ್ಸನ್ 3-5. ಡ್ಯಾನ್ ಮರೀನೊ 8-10. ಇವರೆಲ್ಲ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವರು. ಮೊದಲನೆಯದು ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತದಲ್ಲಿ, ಗೆದ್ದ ಪಂದ್ಯ, ಎರಡನೆಯದು ಸೋತದ್ದು. ಈಗ ಆಡುತ್ತಿರುವವರದ್ದು 2024ರ ಸೀಸನ್ ಮುಗಿಯುವವರೆಗಿನ ಲೆಕ್ಕ. ಅಮೆರಿಕದಲ್ಲಿ ಫುಟ್‌ಬಾಲ್ ವಾದಕ್ಕೆ ಕೂತವರು ಈ ಜೋಡಿ ಅಂಕಿ ಒಂದನ್ನು ಹೇಳಿದರೆ ಮುಗಿಯಿತು, ಮುಂದೆ ಮಾತಿಲ್ಲ.

ನಾನಿರುವುದು ಪಶ್ಚಿಮ ನ್ಯೂಯಾರ್ಕ್‌ನಲ್ಲಿ, ಅಲೆನ್‌ನ ತಂಡವಾದ ಬಫೆಲೊ ಬಿಲ್ಸ್ ಸೀಮೆ. ಕೆಲಸ ವಿಮೆ ಕಂಪನಿಯಲ್ಲಿ, ಅಂಕಿ-ಅಂಶದ್ದು. ಹೀಗಾಗಿ ಅಲೆನ್‌ನ 7-6 ನನ್ನ ಮುಖಕ್ಕೆ ಆಗಾಗ ಬಂದು ಬೀಳುತ್ತದೆ. ಹತ್ತು ಹನ್ನೆರಡು ಪಂದ್ಯ ಇಟ್ಟುಕೊಂಡು ಒಬ್ಬನ ಹಣೆಬರಹ ಬರೆಯುವುದು ನನ್ನ ಕಸುಬಿಗೆ ಒಗ್ಗುವ ಮಾತಲ್ಲ. ಹಾಗಂತ ಪ್ಲೇಆಫ್ ಲೆಕ್ಕವೇ ಸುಳ್ಳು ಎಂದು ತಳ್ಳಿಹಾಕುವುದೂ ಸೋಮಾರಿತನ. ಅದಕ್ಕೆ ನಾನೇ ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ. ಪ್ರೊ ಫುಟ್‌ಬಾಲ್ ರೆಫರೆನ್ಸ್ ಎಂಬ ಜಾಲತಾಣದಲ್ಲಿ ಹಳೆಯ ಪಂದ್ಯಗಳ ವಿವರ ಸಿಗುತ್ತದೆ. 1999ರಿಂದ ಈಚಿನ ಪಂದ್ಯಗಳಾದರೆ ಒಂದೊಂದು ಆಟದ ದತ್ತಾಂಶವೂ ಉಚಿತವಾಗಿ ಸಿಗುತ್ತದೆ.

ಶೀಟಿನ ಮೊದಲ ಸೀಸನ್‌ಗಳನ್ನು ತುಂಬುವಾಗಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ಲೇಆಫ್ ಎಂದರೆ ಸೋತವನು ಮನೆಗೆ. ಅಂದಮೇಲೆ ಒಂದು ವರ್ಷಕ್ಕೆ ಒಬ್ಬನಿಗೆ ಒಂದಕ್ಕಿಂತ ಹೆಚ್ಚು ಸೋಲು ಬರಲು ಸಾಧ್ಯವೇ ಇಲ್ಲ. ಒಬ್ಬ ಕ್ವಾರ್ಟರ್‌ಬ್ಯಾಕ್ ಎಷ್ಟು ವರ್ಷ ಪ್ಲೇಆಫ್ ಆಡಿದ ಎನ್ನುವುದರಿಂದ ಗೆದ್ದ ಸೂಪರ್ ಬೌಲ್‌ಗಳನ್ನು, ಅಂದರೆ ಫೈನಲ್‌ಗಳನ್ನು, ಕಳೆಯಿರಿ, ಉಳಿಯುವುದೇ ಸೋಲಿನ ಸಂಖ್ಯೆ. ಟಾಮ್ ಬ್ರೇಡಿ 20 ಸೀಸನ್ ಆಡಿದ, 7 ಗೆದ್ದ, ಸೋಲು 13. ಪೇಟನ್ ಮ್ಯಾನಿಂಗ್ 15 ಸೀಸನ್, 2 ಗೆಲುವು, ಸೋಲು ಅವನದ್ದೂ 13. ಮರೀನೊ 10 ಸಲ ಹೋದ, ಒಮ್ಮೆಯೂ ಗೆಲ್ಲಲಿಲ್ಲ, ಸೋಲು 10. ನಾವು ಹೀಗಳೆಯುವ ಸೋಲಿನ ಕಲಂ ಮುಕ್ಕಾಲು ಪಾಲು ಶಾಲೆಯ ಹಾಜರಿ ಪುಸ್ತಕ ಇದ್ದ ಹಾಗೆ, ಬಂದವನ ಹೆಸರಿನ ಮುಂದೆ ಮಾತ್ರ ಗುರುತು ಬೀಳುತ್ತದೆ.

ಬಾರದವನ ಕಥೆ? ಪೇಟನ್ ಮತ್ತು ಈಲೈ ಮ್ಯಾನಿಂಗ್‌ರ ಅಪ್ಪ ಆರ್ಚಿ ಮ್ಯಾನಿಂಗ್ ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಆಡಲಿಲ್ಲ. ಅವರದ್ದು 0-0, ಕಳಂಕವೇ ಇಲ್ಲ. ಮಗ ಪೇಟನ್ 14-13, ಕಿರಿಮಗ ಈಲೈ 8-4. ಶೇಕಡಾವಾರು ನೋಡಿದರೆ ಈಲೈ ಅಣ್ಣನಿಗಿಂತ ಬಹಳ ಮೇಲೆ. ಆದರೆ ಆ 8-4ರ ಹೊಟ್ಟೆಯೊಳಗೆ ಕೈ ಹಾಕಿ: 2007 ಮತ್ತು 2011ರ ಸೀಸನ್‌ಗಳಲ್ಲಿ ತಲಾ 4-0, ಉಳಿದ ನಾಲ್ಕು ಸಲ ಮೊದಲ ಪಂದ್ಯದಲ್ಲೇ ಔಟ್. ಲೀಗ್ ಪಂದ್ಯಗಳಲ್ಲಿ ಅವನ ಜೀವಮಾನದ ಲೆಕ್ಕ 117-117, ಸರಿಯಾಗಿ ಅರ್ಧಕ್ಕರ್ಧ. ತಂಡ ಕಟ್ಟಲು ಇಬ್ಬರಲ್ಲಿ ಒಬ್ಬನನ್ನು ಆರಿಸು ಎಂದರೆ ಈಲೈನನ್ನು ಆರಿಸುವ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ, ನ್ಯೂಯಾರ್ಕ್ ಜೈಂಟ್ಸ್ ಅಭಿಮಾನಿಗಳನ್ನು ಬಿಟ್ಟು.

ಆಮೇಲೆ ನಾಣ್ಯದ ಲೆಕ್ಕ ಹಾಕಿದೆ. ಪ್ರತಿ ಪಂದ್ಯವೂ ಬರೀ ಚಿಮ್ಮಿದ ನಾಣ್ಯ ಎಂದುಕೊಂಡರೆ 12 ಪಂದ್ಯಗಳಲ್ಲಿ 8 ಅಥವಾ ಹೆಚ್ಚು ಗೆಲ್ಲುವ ಸಂಭವ ಶೇ. 19. ಅಂದರೆ ಈಲೈನ ದಾಖಲೆ ಐವರು ನಾಣ್ಯ ಚಿಮ್ಮುವವರಲ್ಲಿ ಒಬ್ಬನಿಗೆ ಸುಮ್ಮನೆ ದಕ್ಕಬಹುದು. ಮಹೋಮ್ಸ್‌ನ 17-4ಕ್ಕೆ ಸಂಭವ ಸಾವಿರಕ್ಕೆ ನಾಲ್ಕೂ ಇಲ್ಲ. ಬ್ರೇಡಿಯ 35-13 ಸಾವಿರಕ್ಕೆ ಒಂದರ ಆಸುಪಾಸು. ಈ ಇಬ್ಬರ ವಿಷಯದಲ್ಲಿ ಅಂಕಿ ಏನೋ ಹೇಳುತ್ತಿದೆ, ಒಪ್ಪುತ್ತೇನೆ. ಅದು ಅವರ ಬಗ್ಗೆ ಹೇಳುತ್ತಿದೆಯೋ ಅವರ ತಂಡದ ಬಗ್ಗೆಯೋ ಎನ್ನುವುದು ಬೇರೆ ಪ್ರಶ್ನೆ.

ಯಾಕೆಂದರೆ ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಹತ್ತಿರ ಹತ್ತಿರ ಅರ್ಧ ಹೊತ್ತು ಮೈದಾನದಲ್ಲೇ ಇರುವುದಿಲ್ಲ. ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಡಿಫೆನ್ಸ್‌ನ ಬೇರೆ ಹನ್ನೊಂದು ಜನ ಆಡುತ್ತಾರೆ, ಇವನು ಬೆಂಚಿನ ಮೇಲೆ ನೀರು ಕುಡಿಯುತ್ತಾನೆ. ಚೆಂಡನ್ನು ಕಂಬಗಳ ನಡುವೆ ಒದ್ದು ಪಾಯಿಂಟ್ ತರುವ ಫೀಲ್ಡ್ ಗೋಲ್ ಒದೆಯುವವನು ಮತ್ತೊಬ್ಬ. ಆದರೂ ಗೆಲುವು-ಸೋಲು ಇವನ ಹೆಸರಿಗೇ. ಅದೂ ಪಂದ್ಯ ಶುರು ಮಾಡಿದವನ ಹೆಸರಿಗೆ, ಮುಗಿಸಿದವನಿಗಲ್ಲ. 2002ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಬ್ರೇಡಿಯ ಕಾಲಿಗೆ ಪೆಟ್ಟಾಗಿ ಎರಡನೇ ಕ್ವಾರ್ಟರ್‌ನಲ್ಲೇ ಹೊರಬಿದ್ದ. ಡ್ರೂ ಬ್ಲೆಡ್ಸೊ ಬಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಎಸೆದು 24-17ರಲ್ಲಿ ಪಂದ್ಯ ಮುಗಿಸಿಕೊಟ್ಟ. ಬ್ರೇಡಿಯ 35ರಲ್ಲಿ ಅದೂ ಒಂದು. 2021ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ ಮಹೋಮ್ಸ್ ತಲೆಗೆ ಪೆಟ್ಟು ತಿಂದು ಒಳಗೆ ಹೋದಾಗ ಚ್ಯಾಡ್ ಹೆನಿ ಎಂಬ ಹಳೇ ಹುಲಿ ನಾಲ್ಕನೇ ಡೌನ್‌ನಲ್ಲಿ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು) ಧೈರ್ಯ ಮಾಡಿ ಟೈರೀಕ್ ಹಿಲ್‌ಗೆ ಚೆಂಡು ಎಸೆದು 22-17 ಗೆಲುವನ್ನು ಗಟ್ಟಿ ಮಾಡಿದ. ಹೆನಿಯ ಖಾತೆಗೆ ಸೊನ್ನೆ.

ಹಾಗಾಗಿ ಶೀಟಿನಲ್ಲಿ ಮುಖ್ಯವಾಗಿ ಒಂದೇ ಪ್ರಶ್ನೆಗೆ ಜಾಗ ಕೊಟ್ಟೆ: ಕೊನೆಯ ಸಲ ಚೆಂಡು ಇವನ ಕೈ ಬಿಟ್ಟಾಗ ತಂಡ ಮುಂದಿತ್ತೋ ಹಿಂದಿತ್ತೋ? ಮುಂದಿದ್ದು ಆಮೇಲೆ ಸೋತರೆ ಅದು ಇವನ ಸೋಲಲ್ಲ. ಹಿಂದಿದ್ದು ಬೇರೆಯವರು ಗೆಲ್ಲಿಸಿದರೆ ಅದು ಇವನ ಗೆಲುವೂ ಅಲ್ಲ. ಪೂರ್ತಿ, ಅರ್ಧ, ಇಲ್ಲ — ಮೂರೇ ಗುರುತು. ಪಕ್ಕದಲ್ಲಿ ಬೆಟ್ಟಿಂಗ್‌ನವರು ಪಂದ್ಯಕ್ಕೆ ಮುಂಚೆ ಯಾರನ್ನು ಎಷ್ಟು ಪಾಯಿಂಟ್ ಮೇಲೆ ಇಟ್ಟಿದ್ದರು, ಆಟ ಯಾರ ಊರಲ್ಲಿ, ಡಿಫೆನ್ಸ್ ಎಷ್ಟು ಬಿಟ್ಟುಕೊಟ್ಟಿತು ಎನ್ನುವ ಕಲಂಗಳು. ಇನ್ನೂ ಸೂಕ್ಷ್ಮ ಮಾದರಿಗಳಿವೆ, ನನಗೆ ಗೊತ್ತು. ಆದರೆ ಊಟದ ಮೇಜಿನ ವಾದಕ್ಕೆ ಮೂರು ಗುರುತಿಗಿಂತ ಹೆಚ್ಚು ತಂದರೆ ಯಾರೂ ಕೇಳುವುದಿಲ್ಲ.

ಈ ಜರಡಿಗೆ ಹಾಕಿದ ಮೇಲೆ ಒಂದೊಂದು ಪಂದ್ಯ ಬೇರೆಯೇ ಕಾಣತೊಡಗಿತು. 2015ರ ಸೂಪರ್ ಬೌಲ್ ಕೊನೆಯಲ್ಲಿ ಸಿಯಾಟಲ್ ತಂಡ ಗೆಲುವಿಗೆ ಒಂದೇ ಗಜ ದೂರದಲ್ಲಿತ್ತು. ಸಿಯಾಟಲ್‌ನ ರಸೆಲ್ ವಿಲ್ಸನ್ ಎಸೆದದ್ದನ್ನು ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ಹಿಡಿದ, ಅದೇ ತಂಡದ ಬ್ರೇಡಿ ಬದಿಯಲ್ಲಿ ನಿಂತು ನೋಡುತ್ತಿದ್ದ. ಆದರೆ ಅವನ ಕೈ ಬಿಟ್ಟಾಗ ನ್ಯೂ ಇಂಗ್ಲೆಂಡ್ 28-24 ಮುಂದಿತ್ತಲ್ಲ, ಪೂರ್ತಿ ಅಂಕ ಕೊಟ್ಟೆ. ಮೂರು ವರ್ಷದ ಮೇಲೆ ಅದೇ ಬ್ರೇಡಿ ಸೂಪರ್ ಬೌಲ್‌ನಲ್ಲಿ 505 ಗಜ ಎಸೆದು ನಿಕ್ ಫೋಲ್ಸ್‌ನ ಫಿಲಡೆಲ್ಫಿಯಾಕ್ಕೆ 41-33ರಲ್ಲಿ ಸೋತ. 2019ರ ಜನವರಿಯಲ್ಲಿ ಮಹೋಮ್ಸ್‌ನ ಊರಾದ ಕ್ಯಾನ್ಸಸ್ ಸಿಟಿಯಲ್ಲಿ ಅವನ ಎಸೆತ ಎದುರಾಳಿಯ ಕೈಗೇ ಹೋಗಿತ್ತು, ಪಂದ್ಯ ಮುಗಿದೇ ಹೋಗಿತ್ತು. ಅಷ್ಟರಲ್ಲಿ ಕ್ಯಾನ್ಸಸ್ ಸಿಟಿಯ ಡೀ ಫೋರ್ಡ್ ಗೆರೆ ದಾಟಿ ನಿಂತಿದ್ದಕ್ಕೆ ಆ ಇಂಟರ್‌ಸೆಪ್ಷನ್ ರದ್ದಾಯಿತು. ಓವರ್‌ಟೈಮ್‌ನಲ್ಲಿ ನಾಣ್ಯವೂ ಬ್ರೇಡಿ ಕಡೆಗೇ ಬಿತ್ತು, 37-31. ಆಗ ಮೊದಲ ಸರದಿಯ ಟಚ್‌ಡೌನ್‌ಗೇ ಪಂದ್ಯ ಮುಗಿಯುತ್ತಿತ್ತು, ಹಾಗಾಗಿ ಆ ಓವರ್‌ಟೈಮ್‌ನಲ್ಲಿ ಮಹೋಮ್ಸ್‌ಗೆ ಚೆಂಡು ಮುಟ್ಟಲೂ ಸಿಗಲಿಲ್ಲ. ಅವನ ನಾಲ್ಕು ಸೋಲಿನಲ್ಲಿ ಅದೊಂದು.

ಪೇಟನ್ ಮ್ಯಾನಿಂಗ್‌ನದ್ದು ಇನ್ನೂ ವಿಚಿತ್ರ. ಅವನ ಮೊದಲ ಸೂಪರ್ ಬೌಲ್ ಗೆಲುವಿನ ಸೀಸನ್‌ನಲ್ಲಿ ನಾಲ್ಕು ಪ್ಲೇಆಫ್ ಪಂದ್ಯ ಸೇರಿ ಟಚ್‌ಡೌನ್ 3, ಇಂಟರ್‌ಸೆಪ್ಷನ್ 7. ದಾಖಲೆಯಲ್ಲಿ ಮಾತ್ರ 4-0. 2013ರ ಜನವರಿಯಲ್ಲಿ ಡೆನ್ವರ್‌ನ ಕೊರೆಯುವ ಚಳಿಯಲ್ಲಿ 35-28 ಮುಂದಿದ್ದಾಗ ಅವನು ಬೆಂಚಿಗೆ ಬಂದ. ಉಳಿದಿದ್ದು ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಬಾಲ್ಟಿಮೋರ್‌ನ ಜೋ ಫ್ಲಾಕೊ 70 ಗಜದ ಟಚ್‌ಡೌನ್ ಎಸೆದ, ಡೆನ್ವರ್‌ನ ಸೇಫ್ಟಿ (ಎಲ್ಲರಿಗಿಂತ ಹಿಂದೆ ಕಾಯುವ ಆಟಗಾರ) ಚೆಂಡಿನ ಅಂದಾಜು ತಪ್ಪಿ ಕೆಳಗೆ ಬಿದ್ದ. ಆದರೆ ಓವರ್‌ಟೈಮ್‌ನಲ್ಲಿ ಮ್ಯಾನಿಂಗ್ ಓಡುತ್ತಾ ಮೈಗೆ ಅಡ್ಡಲಾಗಿ ಎಸೆದು ಚೆಂಡು ಕಳೆದುಕೊಂಡನಲ್ಲ, ಅದಕ್ಕೆ ಅರ್ಧ ಸೋಲು ಬರೆದೆ.

ಮ್ಯಾಥ್ಯೂ ಸ್ಟ್ಯಾಫರ್ಡ್‌ನ ಹೆಸರು ತೆಗೆದರೆ ಅರ್ಧ ವಾದ ತಾನಾಗಿಯೇ ತಣ್ಣಗಾಗುತ್ತದೆ. ಡೆಟ್ರಾಯಿಟ್‌ನಲ್ಲಿ ಹನ್ನೆರಡು ವರ್ಷ, ಪ್ಲೇಆಫ್‌ನಲ್ಲಿ 0-3. ಲಾಸ್ ಏಂಜಲೀಸ್‌ಗೆ ಹೋದ ಮೊದಲ ವರ್ಷವೇ 4-0, ಕೈಯಲ್ಲಿ ಕಪ್. ಬದಲಾದದ್ದು ಊರು ಮತ್ತು ಸುತ್ತಲಿನ ಜನ.

ಕೋಚ್‌ಗಳಿಗೆ ಬೇರೆ ಶೀಟ್. ಕ್ವಾರ್ಟರ್‌ಬ್ಯಾಕ್‌ಗಿಂತ ಕೋಚ್‌ನನ್ನು ಪ್ಲೇಆಫ್ ಲೆಕ್ಕದಿಂದ ಅಳೆಯುವುದು ತುಸು ನ್ಯಾಯ ಅಂತ ನನ್ನ ಅಭಿಪ್ರಾಯ. ಡಿಫೆನ್ಸ್, ಅಫೆನ್ಸ್, ಒದೆಯುವವರು ಮೂರೂ ಅವನ ಕೈಕೆಳಗೇ ಇರುತ್ತವೆ. ಆದರೂ ಆಂಡಿ ರೀಡ್‌ನನ್ನು ನೋಡಿ. ಮಹೋಮ್ಸ್ ಬರುವವರೆಗೆ ಫಿಲಡೆಲ್ಫಿಯಾ, ಕ್ಯಾನ್ಸಸ್ ಸಿಟಿ ಸೇರಿ 11-13, "ದೊಡ್ಡ ಪಂದ್ಯಕ್ಕೆ ಆಗದ ಕೋಚ್, ಗಡಿಯಾರ ನೋಡಲು ಬಾರದವನು" ಎಂಬ ಬೈಗುಳ. ಮಹೋಮ್ಸ್ ಬಂದ ಮೇಲೆ 17-4. ಮನುಷ್ಯ ಅವನೇ, ಮೀಸೆಯೂ ಅದೇ.

ಮಾರ್ಟಿ ಶಾಟನ್‌ಹೈಮರ್‌ನ ಮೇಲೆ ನಾನು ಎಲ್ಲರಿಗಿಂತ ಹೆಚ್ಚು ಹೊತ್ತು ಕಳೆದೆ. ಲೀಗ್ ಪಂದ್ಯಗಳಲ್ಲಿ 200 ಗೆಲುವು, ಪ್ಲೇಆಫ್‌ನಲ್ಲಿ 5-13. ನಾಣ್ಯದ ಲೆಕ್ಕದಲ್ಲಿ ಇಷ್ಟು ಕೆಟ್ಟ ದಾಖಲೆಗೆ ಇಪ್ಪತ್ತರಲ್ಲಿ ಒಂದು ಸಂಭವ. ಬರೀ ದುರದೃಷ್ಟ ಎನ್ನಲು ಸ್ವಲ್ಪ ಜಾಸ್ತಿ, ಅಸಾಧ್ಯ ಎನ್ನಲು ಕಡಿಮೆ. ಹದಿಮೂರು ಸೋಲನ್ನೂ ಬಿಚ್ಚಿ ನೋಡಿದೆ. 1987ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್ ಏಳು ಪಾಯಿಂಟ್ ಮುಂದಿದ್ದಾಗ ಡೆನ್ವರ್‌ನ ಜಾನ್ ಎಲ್ವೇ 98 ಗಜ ನಡೆಸಿಕೊಂಡು ಬಂದು ಸಮ ಮಾಡಿದ, ಓವರ್‌ಟೈಮ್‌ನಲ್ಲಿ ಸೋಲು. ಮರುವರ್ಷ ಅದೇ ಡೆನ್ವರ್ ವಿರುದ್ಧ ಅರ್ನೆಸ್ಟ್ ಬೈನರ್ ಟಚ್‌ಡೌನ್ ಗೆರೆಯ ಬಾಗಿಲಲ್ಲಿ ಚೆಂಡು ಕೈಬಿಟ್ಟ. 1996ರ ಜನವರಿಯಲ್ಲಿ 13-3 ಇದ್ದ ಕ್ಯಾನ್ಸಸ್ ಸಿಟಿ ತಂಡದ ಒದೆಯುವವನು ಮೂರು ಫೀಲ್ಡ್ ಗೋಲ್ ತಪ್ಪಿಸಿದ, ಪಂದ್ಯ ಹೋದದ್ದು 10-7ರಲ್ಲಿ.

ಆಮೇಲೆ 2007ರ ಜನವರಿ. ಸ್ಯಾನ್ ಡಿಯಾಗೊ 14-2. ಕೊನೆಯ ಕ್ವಾರ್ಟರ್‌ನಲ್ಲಿ ಎಂಟು ಪಾಯಿಂಟ್ ಮುಂದಿದ್ದಾಗ ಮಾರ್ಲನ್ ಮಕ್ರೀ ಬ್ರೇಡಿಯ ಎಸೆತವನ್ನು ಹಿಡಿದ. ಅಲ್ಲೇ ನೆಲಕ್ಕೆ ಬಿದ್ದಿದ್ದರೆ ಸಾಕಿತ್ತು. ಓಡಲು ಹೋದ, ಟ್ರಾಯ್ ಬ್ರೌನ್ ಚೆಂಡನ್ನು ಕಿತ್ತುಕೆಡವಿದ, ನ್ಯೂ ಇಂಗ್ಲೆಂಡ್ ಕೈಗೆ ಹೊಸ ಜೀವ. ಸೋಲು 24-21. ಇಲ್ಲಿಯವರೆಗೆ ಕೋಚ್ ಪಾಪ ಎನ್ನಬಹುದು. ಆದರೆ ಆ ತೀರ್ಪನ್ನು ಪ್ರಶ್ನಿಸಿ ಶಾಟನ್‌ಹೈಮರ್ ಒಂದು ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ಅವಕಾಶ) ಕಳೆದುಕೊಂಡ, ಕೊನೆಗೆ ಸಮಯ ಸಾಲದೆ 54 ಗಜದಿಂದ ಒದೆಯಬೇಕಾಯಿತು, ಅದು ತಲುಪಲಿಲ್ಲ. ಆ ಟೈಮ್‌ಔಟ್ ಕೋಚ್‌ನದ್ದೇ. ಒಂದು ತಿಂಗಳಲ್ಲಿ ಕೆಲಸ ಹೋಯಿತು.

ಕೋಚ್ ಶೀಟಿನಲ್ಲಿ ನಾನು ಬರೆಯುವುದು ಇಂಥವನ್ನೇ: ಟೈಮ್‌ಔಟ್, ನಾಲ್ಕನೇ ಡೌನ್‌ನ ತೀರ್ಮಾನ, ತಂಡದ ಶಿಸ್ತು. ಮಾರ್ವಿನ್ ಲೂಯಿಸ್ ಸಿನ್ಸಿನಾಟಿಯಲ್ಲಿ 0-7. ಆ ಏಳರಲ್ಲಿ ಮೊದಲನೆಯದರಲ್ಲಿ ಕಾರ್ಸನ್ ಪಾಮರ್‌ನ ಮೊಣಕಾಲು ಅವನ ಮೊದಲ ಎಸೆತಕ್ಕೇ ಮುರಿಯಿತು. ಕೋಚ್ ಏನು ಮಾಡಿಯಾನು? ಕೊನೆಯದರಲ್ಲಿ, 2016ರ ಜನವರಿಯಲ್ಲಿ, ಗೆದ್ದೇಬಿಟ್ಟ ಪಂದ್ಯದಲ್ಲಿ ಆಟಗಾರರು ಜಗಳ ತೆಗೆದು ಪಿಟ್ಸ್‌ಬರ್ಗ್‌ಗೆ 30 ಗಜ ದಾನ ಮಾಡಿದರು, 18-16. ಅದು ಕೋಚ್ ಖಾತೆಗೇ ಹೋಗಬೇಕು. ಒಂದೇ 0-7ರೊಳಗೆ ಎರಡೂ ಇವೆ.

ಇನ್ನು ಅಲೆನ್. ಹಾಸನದ ಗೆಳೆಯನೊಬ್ಬ ಕ್ಯಾನ್ಸಸ್ ಸಿಟಿಯಲ್ಲಿದ್ದಾನೆ, ಪ್ರತಿ ಜನವರಿಯಲ್ಲೂ ಫೋನ್ ಮಾಡುತ್ತಾನೆ. "ಏನ್ ಗುರು, ನಿಮ್ಮ ಅಲೆನ್ ನಮ್ಮೆದುರು ನಾಲ್ಕಕ್ಕೆ ನಾಲ್ಕೂ ಢಮಾರ್. ಇದಕ್ಕೂ ಶೀಟ್ ಇದೆಯಾ?" ಇದೆ ಕಣಯ್ಯ. 2022ರ ಜನವರಿ 23ರ ಪಂದ್ಯವನ್ನೇ ತಗೊ. 13 ಸೆಕೆಂಡ್ ಉಳಿದಿರುವಾಗ ಅಲೆನ್ ಅಂದಿನ ನಾಲ್ಕನೇ ಟಚ್‌ಡೌನ್ ಎಸೆದ, ಬಿಲ್ಸ್ 36-33. ಇಂಟರ್‌ಸೆಪ್ಷನ್ ಒಂದೂ ಇಲ್ಲ. ಪಾಯಿಂಟ್ ಗಳಿಸಿದ ತಂಡ ಆಮೇಲೆ ಚೆಂಡನ್ನು ಎದುರಾಳಿಗೆ ಒದ್ದುಕೊಡಬೇಕು. ಅದನ್ನು ನೆಲಕ್ಕೆ ತಾಗುವಂತೆ ಗಿಡ್ಡಗೆ ಒದ್ದಿದ್ದರೆ ಹಿಡಿದು ಓಡುವುದರಲ್ಲೇ ಕೆಲವು ಸೆಕೆಂಡ್ ಕರಗುತ್ತಿದ್ದವು. ಬಿಲ್ಸ್ ಉದ್ದಕ್ಕೆ ಒದ್ದರು, ಗಡಿಯಾರದಿಂದ ಒಂದು ಸೆಕೆಂಡೂ ಹೋಗಲಿಲ್ಲ. ಮಹೋಮ್ಸ್ ಎರಡೇ ಎಸೆತದಲ್ಲಿ 44 ಗಜ ತೆಗೆದ, ಹ್ಯಾರಿಸನ್ ಬಟ್ಕರ್ 49 ಗಜದಿಂದ ಒದ್ದು ಸಮ ಮಾಡಿದ. ಓವರ್‌ಟೈಮ್ ನಾಣ್ಯ ಕ್ಯಾನ್ಸಸ್ ಸಿಟಿಗೆ, ಮೊದಲ ಸರದಿಯಲ್ಲೇ ಟಚ್‌ಡೌನ್, 42-36. ಎರಡು ತಿಂಗಳಲ್ಲಿ ಲೀಗ್ ನಿಯಮವನ್ನೇ ಬದಲಿಸಿತು: ಪ್ಲೇಆಫ್ ಓವರ್‌ಟೈಮ್‌ನಲ್ಲಿ ಇಬ್ಬರಿಗೂ ಒಂದು ಸರದಿ ಸಿಗಲೇಬೇಕು. ನಿಯಮವೇ ಒಪ್ಪಿಕೊಂಡ ಮೇಲೂ ಆ ಸೋಲು ಅಲೆನ್ ಹೆಸರಿನಲ್ಲೇ ಇದೆ. ನನ್ನ ಶೀಟಿನಲ್ಲಿ ಅದು ಆ ಒದೆತಕ್ಕೆ ಒಪ್ಪಿಗೆ ಕೊಟ್ಟ ಕೋಚ್ ಬಳಗದ್ದು.

ಉಳಿದ ಐದರಲ್ಲಿ, 2020ರಲ್ಲಿ ಹ್ಯೂಸ್ಟನ್ ವಿರುದ್ಧ 16-0 ಮುಂದಿದ್ದು ಸೋತದ್ದು ಅವನದ್ದೇ. ಆವತ್ತು ಅವನು ತಲೆ ಕೆಟ್ಟವನ ಹಾಗೆ ಆಡಿದ. 2023ರಲ್ಲಿ ಹಿಮದಲ್ಲಿ ಸಿನ್ಸಿನಾಟಿಗೆ 27-10ರಲ್ಲಿ ಮಣಿದದ್ದೂ ಅವನ ಖಾತೆಗೆ. 2021ರಲ್ಲಿ 38 ಬಿಟ್ಟುಕೊಟ್ಟದ್ದು ಡಿಫೆನ್ಸ್. 2024ರಲ್ಲಿ 44 ಗಜದ ಒದೆತ ಬಲಕ್ಕೆ ಹೋಗಿ 27-24. 2025ರ 32-29ಕ್ಕೆ ಅರ್ಧ. ಕೊನೆಯ ನಾಲ್ಕನೇ ಡೌನ್‌ನಲ್ಲಿ ಮೈಮೇಲೆ ನುಗ್ಗಿ ಬರುತ್ತಿದ್ದವರ ನಡುವೆಯೂ ಅವನು ಎಸೆದದ್ದು ಹಿಡಿಯಬಹುದಾದ ಚೆಂಡೇ, ಆದರೆ ಕೊನೆಯ ಕ್ವಾರ್ಟರ್‌ನ ಶುರುವಿನಲ್ಲಿ ಬೇಕಿದ್ದ ಒಂದು ಗಜ ಸಿಗಲಿಲ್ಲ.

ಗೆಳೆಯನಿಗೆ ಈ ಲೆಕ್ಕ ಕಳಿಸಿದೆ. "ಗೆಲುವುಗಳಿಗೂ ಇದೇ ಜರಡಿ ಹಿಡಿದಿದ್ದೀಯಾ, ಇಲ್ಲಾ ಬರೀ ಸೋಲಿಗಾ?" ಅಂತ ಕೇಳಿದ. ಹಿಡಿದಿದ್ದೇನೆ. ಅದೇ 2025ರ ಜನವರಿಯಲ್ಲಿ ಬಾಲ್ಟಿಮೋರ್ ವಿರುದ್ಧ ಬಿಲ್ಸ್ 27-25 ಗೆದ್ದ ಪಂದ್ಯದಲ್ಲಿ ಲಮಾರ್ ಜ್ಯಾಕ್ಸನ್ ಕೊನೆಗೆ ಟಚ್‌ಡೌನ್ ಎಸೆದು, ಸಮ ಮಾಡುವ ಎರಡು ಪಾಯಿಂಟ್‌ಗೂ ಸರಿಯಾಗಿಯೇ ಎಸೆದ. ಮಾರ್ಕ್ ಆಂಡ್ರೂಸ್ ಕೈಗೆ ಬಂದ ಚೆಂಡನ್ನು ಬಿಟ್ಟ. ಅಲೆನ್‌ನ ಏಳನೇ ಗೆಲುವು, ಲಮಾರ್‌ನ ಐದನೇ ಸೋಲು. ನನ್ನ ಶೀಟಿನಲ್ಲಿ ಅಲೆನ್‌ಗೆ ಅರ್ಧ, ಲಮಾರ್‌ಗೂ ಅರ್ಧ. ಅವನು ಮೊದಲರ್ಧದಲ್ಲಿ ಎರಡು ಸಲ ಚೆಂಡು ಕಳೆದುಕೊಂಡಿದ್ದನ್ನು ಮರೆಯಲಾಗದು. ಬಫೆಲೊದ ಗೆಳೆಯರು ಈ ಅರ್ಧವನ್ನು ಮಾತ್ರ ಒಪ್ಪುವುದೇ ಇಲ್ಲ.