ಗುಡ್ಡದ ಆಕಾರ ನೋಡಿ ಕೆಸರಿನ ಹರಿವು ಗುರುತಿಸುವುದು: ನನ್ನ ಅನುಭವ

2018ರ ಆಗಸ್ಟ್ ಮಳೆಯ ನಂತರ ಕೊಡಗಿನಲ್ಲಿ ಜಾರಿದ ಗುಡ್ಡಗಳ ನಕ್ಷೆ ಮಾಡಲು ಕೂತೆ. ಉಪಗ್ರಹ ಚಿತ್ರದಲ್ಲಿ ಎಲ್ಲವೂ ಹಸಿರಿನ ನಡುವೆ ಎಳೆದ ಕೆಂಪು ಗೀರುಗಳೇ. ಅದರ ಮೇಲೆ ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಹಾಕಿದ ಮೇಲೆ ವ್ಯತ್ಯಾಸ ಕಾಣತೊಡಗಿತು.

ಕಾಂಟೂರ್ ಗೆರೆಗಳು ಗುಡ್ಡದ ಮೇಲ್ಭಾಗದ ಕಡೆಗೆ ಬಾಗಿದ್ದರೆ ಅಲ್ಲಿ ತಗ್ಗಿದೆ, ಸುತ್ತಲಿನ ನೀರು ಬಂದು ಸೇರುತ್ತದೆ. ಕೆಳಕ್ಕೆ ಉಬ್ಬಿದ್ದರೆ ಏಣು, ನೀರು ಚದುರಿ ಹೋಗುತ್ತದೆ. ತೆರೆದ ಇಳಿಜಾರಿನಲ್ಲಿ ಹೊರಟ ಕೆಸರು ಅಗಲವಾಗಿ ಹರಡುತ್ತದೆ, ಕಾಫಿ ತೋಟ ಮುಚ್ಚುತ್ತದೆ, ಇಳುಕಲು ಕಮ್ಮಿಯಾದ ಕಡೆ ನಿಲ್ಲುತ್ತದೆ. ಅದೇ ಕೆಸರು ಕೊಲ್ಲಿಗೆ, ಅಂದರೆ ಗುಡ್ಡದ ನಡುವಿನ ಇಕ್ಕಟ್ಟಾದ ಹಳ್ಳಕ್ಕೆ, ಬಿದ್ದರೆ ಕಥೆಯೇ ಬೇರೆ. ಅಲ್ಲಿ ಹರಡಲು ಜಾಗವಿಲ್ಲ. ದಡದ ಮಣ್ಣು, ಬಂಡೆ, ಮರ ಎಲ್ಲವನ್ನೂ ಎಳೆದುಕೊಂಡು ದಪ್ಪವಾಗುತ್ತಲೇ ಹೋಗುತ್ತದೆ. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಸುಮಾರು 1,550 ಮೀಟರ್ ಎತ್ತರದಲ್ಲಿ ಹೊರಟ ಹರಿವು ನದಿಯ ಜಾಡು ಹಿಡಿದು ಸುಮಾರು 8 ಕಿಲೋಮೀಟರ್ ಹೋಯಿತು. ಮುಂಡಕೈ, ಚೂರಲ್‌ಮಲ ಊರುಗಳು ಅದೇ ದಾರಿಯಲ್ಲಿದ್ದವು.

ಕೊಲ್ಲಿಗಳನ್ನು ಸೋಸಲು ನಾನು ಮೆಲ್ಟನ್ ಅನುಪಾತ ಬಳಸುತ್ತೇನೆ. ಕೊಲ್ಲಿಗೆ ನೀರು ಬರುವ ಜಾಗದ ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ಎತ್ತರದ ಅಂತರವನ್ನು ವಿಸ್ತೀರ್ಣದ ವರ್ಗಮೂಲದಿಂದ ಭಾಗಿಸಬೇಕು, ಅಷ್ಟೇ. ಅಂತರ 600 ಮೀಟರ್, ವಿಸ್ತೀರ್ಣ 0.64 ಚದರ ಕಿಲೋಮೀಟರ್ ಆದರೆ 0.75 ಬರುತ್ತದೆ. ಅಷ್ಟೇ ಎತ್ತರಕ್ಕೆ 9 ಚದರ ಕಿಲೋಮೀಟರ್ ಇದ್ದರೆ 0.2. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮಾಡಿದ ಅಧ್ಯಯನದ ಪ್ರಕಾರ 0.3ಕ್ಕಿಂತ ಕಮ್ಮಿ ಇದ್ದರೆ ಸಾಮಾನ್ಯ ಪ್ರವಾಹ. 0.6ಕ್ಕಿಂತ ಜಾಸ್ತಿ ಇದ್ದು ಕೊಲ್ಲಿ ಗಿಡ್ಡವಾಗಿದ್ದರೆ ಬಂಡೆ-ಕೆಸರಿನ ಹರಿವು. ನಡುವಿನದು ಕಲ್ಲುಮಣ್ಣು ಹೊತ್ತ ನೆರೆ. ನಮ್ಮ ಘಟ್ಟದ ಮಣ್ಣಿನ ಪದರ ತುಂಬಾ ಆಳ. ಹಾಗಾಗಿ ಆ ಗಡಿಗಳನ್ನು ಇಲ್ಲಿ ಕಣ್ಣುಮುಚ್ಚಿ ನಂಬಬಾರದು. ಯಾವ ಕೊಲ್ಲಿಗೆ ಮೊದಲು ಹೋಗಬೇಕು ಎಂದು ಆರಿಸಲು ಮಾತ್ರ ನನಗೆ ಅವು ಬೇಕು.

ಉಳಿದದ್ದು ಹಳ್ಳದ ದಡದಲ್ಲಿ ಗೊತ್ತಾಗುತ್ತದೆ. ಕೊರೆದ ದಡವನ್ನು ಗುದ್ದಲಿಯಿಂದ ಕೆರೆದು ನೋಡುತ್ತೇನೆ. ಮರಳು, ಜಲ್ಲಿ ಪದರ ಪದರವಾಗಿ ಕೂತಿದ್ದರೆ ಅದು ನೀರು ತಂದದ್ದು. ಅಂಟು ಕೆಂಪುಮಣ್ಣಿನೊಳಗೆ ಚಿಕ್ಕದು ದೊಡ್ಡದು ಎನ್ನದೆ ಚೂಪು ಕಲ್ಲುಗಳು ಹುದುಗಿದ್ದು, ದೊಡ್ಡ ಬಂಡೆಗಳು ಮೇಲೆಯೇ ಇದ್ದರೆ ಅದು ಕೆಸರಿನ ಹರಿವಿನ ಗುರುತು. ತಿರುವಿನಲ್ಲಿ ಮರಗಳ ಮೇಲಿನ ಕೆಸರಿನ ಕಲೆಯನ್ನೂ ನೋಡಬೇಕು. ಹೊರದಡದಲ್ಲಿ ಅದು ಎತ್ತರಕ್ಕಿರುತ್ತದೆ. ಆ ಎತ್ತರದಿಂದ ವೇಗವನ್ನೂ ಅಂದಾಜು ಮಾಡಬಹುದು.

ಜನ ಕೇಳುವುದು ಮನೆ ಹಿಂದಿನ ಗುಡ್ಡ ಎಷ್ಟು ಕಡಿದು ಅಂತ. ನಾನು ಮೊದಲು ನೋಡುವುದು ಮನೆ ಯಾವ ಕೊಲ್ಲಿಯ ಬಾಯಲ್ಲಿದೆ ಅಂತ. ಗುಡ್ಡನಾಡಿನಲ್ಲಿ ಸಮತಟ್ಟು ಜಾಗ, ಪಕ್ಕದಲ್ಲೇ ನೀರು ಸಿಗುವುದು ಹೆಚ್ಚಾಗಿ ಅಲ್ಲೇ ಅಲ್ವಾ? ಬೀಸಣಿಗೆಯಂತೆ ಹರಡಿದ ಅಂಥ ಎಷ್ಟೋ ನೆಲ ಹಳೆಯ ಹರಿವುಗಳೇ ತಂದು ಹಾಕಿದ್ದು. ಅದಕ್ಕೇ ಅಂಥ ಮನೆ ಕಂಡರೆ ಕೊಲ್ಲಿಯ ನೆತ್ತಿಯ ತನಕ ನಡೆದೇ ಹೋಗುತ್ತೇನೆ. 30 ಮೀಟರ್ ಅಗಲದ ಒಂದೊಂದು ಚೌಕಕ್ಕೆ ಒಂದೇ ಎತ್ತರ ಕೊಡುವ ಕಂಪ್ಯೂಟರ್ ನಕ್ಷೆಯಲ್ಲಿ ಅಲ್ಲಿನ ಸಣ್ಣ ತಗ್ಗುಗಳು ಕಾಣುವುದೇ ಇಲ್ಲ.