ಮನೆಯಲ್ಲೇ ಬ್ಲೌಸ್ ಹೊಲಿಯುವವರು ಡೇಟ್ ಕೊಡುವ ಮುಂಚೆ

ಮೂರು ವರ್ಷದ ಹಿಂದಿನ ಮಾತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡೇ ದಿನ ಇತ್ತು. ರಾತ್ರಿ ಹನ್ನೆರಡೂವರೆಗೆ ಕೂತು ಒಂದು ರೇಷ್ಮೆ ಬ್ಲೌಸ್ ಪೀಸ್ ಕತ್ತರಿಸಿದೆ. ಬೆಳಿಗ್ಗೆ ಜೋಡಿಸೋಕೆ ಹೋದರೆ ಎರಡೂ ಎಡಗೈ ತೋಳು! ಬಟ್ಟೆ ಸಾಲದು ಅಂತ ತೋಳುಗಳನ್ನು ಒಂದೊಂದಾಗಿ ಕತ್ತರಿಸಿದ್ದೆ. ಎರಡನೆಯದಕ್ಕೆ ತೋಳಿನ ಪೇಪರ್ ಅಚ್ಚನ್ನು ಮಗುಚಿ ಇಡೋದು ಮರೆತಿದ್ದೆ. ಜರಿ ಅಂಚು ಅಲ್ಲಿಗೇ ಮುಗಿದಿತ್ತು. ಆ ಬಣ್ಣಕ್ಕೆ ಹೊಂದುವ ಬಟ್ಟೆಗೆ ದಾವಣಗೆರೆಯ ಮಂಡಿಪೇಟೆಯೆಲ್ಲ ಸುತ್ತಿದೆ. ಸಿಗಲಿಲ್ಲ. ಬಟ್ಟೆ ಕೊಟ್ಟಿದ್ದ ಅಕ್ಕ ಬೈಯಲಿಲ್ಲ, ಆದರೆ ಮತ್ತೆ ಬರಲೂ ಇಲ್ಲ.

ಆ ವಾರ ನನ್ನ ಹತ್ತಿರ 18 ಬ್ಲೌಸ್ ಇದ್ದವು. ಅಷ್ಟಕ್ಕೂ ‘ಆಯ್ತು, ಕೊಟ್ಟು ಹೋಗಿ’ ಅಂದವಳು ನಾನೇ. ಮನೆ, ಮಕ್ಕಳು, ನಿದ್ದೆ ಎಲ್ಲ ಕೆಡೋದು ಆ ಒಂದು ಮಾತಿನಿಂದ. ಹಾಗಾಗಿ ಮೊದಲು ಡೇಟ್ ಕೊಡೋದು ಕಲಿಯಿರಿ. ಉಳಿದದ್ದು ಆಮೇಲೆ.

ಒಂದು ವಾರ ನಿಮ್ಮ ಕೆಲಸಕ್ಕೇ ಅಳತೆ ತೆಗೆಯಿರಿ. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಮೊಬೈಲಿನಲ್ಲಿ ಟೈಮ್ ನೋಡಿ ಬರೆದಿಡಿ. ನನಗೆ ಒಂದು ಲೈನಿಂಗ್ ಬ್ಲೌಸಿಗೆ ಕಟಿಂಗ್ 30 ನಿಮಿಷ, ಹೊಲಿಗೆ ಒಂದೂಮುಕ್ಕಾಲು ಗಂಟೆ, ಹುಕ್ಸ್ ಮತ್ತು ಹೆಮ್ಮಿಂಗ್ 40 ನಿಮಿಷ ಹಿಡಿಯಿತು. ಇಸ್ತ್ರಿ ಸೇರಿಸಿದರೆ ಹತ್ತಿರ ಹತ್ತಿರ 3 ಗಂಟೆ. ‘ಅಯ್ಯೋ, ಒಂದೂವರೆ ಗಂಟೆ ಕೆಲಸ’ ಅಂತ ಅಷ್ಟು ವರ್ಷ ಎಲ್ಲರಿಗೂ ಹೇಳುತ್ತಿದ್ದೆ! ಇನ್ನು ಯಾರ ಕಾಟವೂ ಇಲ್ಲದ ಹೊತ್ತು ಎಷ್ಟು? ಬೆಳಿಗ್ಗೆ 10ರಿಂದ ಒಂದೂವರೆ, ಊಟ ಆದಮೇಲೆ ಎರಡೂವರೆಯಿಂದ 4. ಅಂದರೆ ದಿನಕ್ಕೆ 5 ಗಂಟೆ. ವಾರಕ್ಕೆ ಆರು ದಿನ ಹಿಡಿದರೆ 10 ಬ್ಲೌಸ್. ಅಳತೆ ಕೊಡಲು ಬರುವವರು, ‘ಸೈಡ್ ಸ್ವಲ್ಪ ಬಿಚ್ಚಿಕೊಡಿ’ ಅನ್ನುವವರು, ಕರೆಂಟ್ ಹೋಗೋದು ಎಲ್ಲ ಕಳೆದರೆ 8. ನಿಮ್ಮ ಲೆಕ್ಕ ಬೇರೆ ಇರಬಹುದು. ಆದರೆ ಬರೆದೇ ನೋಡಿ, ಅಂದಾಜು ಮಾಡಬೇಡಿ.

ಆಮೇಲೆ ಒಂದು ಡೈರಿ ತನ್ನಿ. ವಾರಕ್ಕೊಂದು ಪುಟ, ಪುಟಕ್ಕೆ 8 ಸಾಲು. ಏಳು ಸಾಲು ತುಂಬಿದರೆ ಆ ವಾರ ಮುಗಿಯಿತು. ಎಂಟನೆಯದು ಅರ್ಜೆಂಟಿಗೆ, ಅದಕ್ಕೆ ರೇಟೂ ಜಾಸ್ತಿ. ‘ಯಾವಾಗ ಕೊಡ್ತೀರಾ?’ ಅಂತ ಕೇಳಿದರೆ ಬಾಯಿಂದ ಉತ್ತರ ಕೊಡಬೇಡಿ. ಡೈರಿ ತೆಗೆದು, ಅವರ ಎದುರಿಗೇ ಖಾಲಿ ಸಾಲು ಹುಡುಕಿ. ನಾನು ‘ಆಗಲ್ಲ’ ಅಂದರೆ ಜಗಳಕ್ಕೆ ಬರುವವರು ತುಂಬಿದ ಪುಟ ನೋಡಿ ಸುಮ್ಮನಾಗುತ್ತಾರೆ. ಯಾಕೋ ಗೊತ್ತಿಲ್ಲ, ಬರೆದದ್ದಕ್ಕೆ ಅಷ್ಟು ಮರ್ಯಾದೆ. ಫಂಕ್ಷನ್ ಯಾವತ್ತು ಅಂತಲೂ ಕೇಳಿ. ಎರಡು ದಿನ ಮುಂಚಿನ ತಾರೀಖು ಕೊಡಿ, ಹಾಕಿ ನೋಡಿ ಸರಿಪಡಿಸೋಕೆ ಜಾಗ ಬೇಕಲ್ಲ.

ನೆಂಟರ ಬ್ಲೌಸ್ ಕೂಡ ಇದೇ ಸಾಲಿನಲ್ಲಿ ಬರಬೇಕು. ‘ಮನೇಲೇ ಇರ್ತೀಯಲ್ಲ, ಯಾವಾಗಲಾದ್ರೂ ಹೊಲಿ’ ಅಂತ ಕೊಟ್ಟು ಹೋಗುತ್ತಾರೆ. ಆ ‘ಯಾವಾಗಲಾದ್ರೂ’ ಅನ್ನೋದು ರಾತ್ರಿ ಹನ್ನೊಂದು ಗಂಟೆಯೇ.

ಹಬ್ಬದ ಕೆಲಸ ಆಷಾಢದಲ್ಲೇ ಶುರು ಮಾಡಿ. ಮದುವೆಗಳಿಲ್ಲ, ಮಷೀನ್ ಖಾಲಿ ಇರುತ್ತೆ. ಕಾಯಂ ಗಿರಾಕಿಗಳಿಗೆ ‘ವರಮಹಾಲಕ್ಷ್ಮಿಗೆ, ಗೌರಿ ಹಬ್ಬಕ್ಕೆ ಬೇಕಾದದ್ದು ಈಗಲೇ ಕೊಟ್ಟುಬಿಡಿ’ ಅಂತ ಮೆಸೇಜ್ ಹಾಕುತ್ತೇನೆ. ಆಷಾಢದಲ್ಲಿ ಹೊಸ ಬಟ್ಟೆ ಬೇಡ ಅನ್ನುವವರ ಹೆಸರನ್ನಷ್ಟೇ ಬರೆದು ಸಾಲು ಹಿಡಿದಿಡಿ. ಹಬ್ಬಕ್ಕೆ 20 ದಿನ ಇರುವಾಗ ಪುಟ ಬಂದ್.

ರಜೆಗೆ ನಮ್ಮತ್ತೆ ದಾರಿ ತೋರಿಸಿದರು. ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು ಅಂತ ಅವರ ನಂಬಿಕೆ. ನನಗೆ ಅಷ್ಟೇನೂ ನಂಬಿಕೆ ಇಲ್ಲ. ಆದರೆ ‘ನನಗೆ ಸುಸ್ತು’ ಅಂದರೆ ಕೇಳದ ಗಿರಾಕಿ ‘ಮಂಗಳವಾರ ಕತ್ತರಿ ಹಿಡಿಯಲ್ಲ’ ಅಂದರೆ ತಕ್ಷಣ ಒಪ್ಪುತ್ತಾರೆ. ಈಗ ಮಂಗಳವಾರ ಪೂರ್ತಿ ರಜೆ.

ಸಂಜೆ ಹೊತ್ತಿಗೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ದುಡ್ಡೇನೂ ಇಲ್ಲ. ಅದರಲ್ಲಿ ನಿಮ್ಮ ಕೆಲಸದ ಸಮಯ ಹಾಕಿ, ‘ಅವೇ ಮೆಸೇಜ್’ ಬರೆದು ಆನ್ ಮಾಡಿ, ಕೆಲಸದ ಸಮಯದ ಹೊರಗೆ ಮಾತ್ರ ಹೋಗಲಿ ಅಂತ ಆರಿಸಿಟ್ಟರೆ, ಆ ಸಮಯ ಬಿಟ್ಟು ಬಂದ ಮೆಸೇಜಿಗೆ ತಾನಾಗೇ ಉತ್ತರ ಕೊಡುತ್ತೆ. ನನ್ನದು ‘ಬೆಳಿಗ್ಗೆ 10ಕ್ಕೆ ನೋಡಿ ಹೇಳ್ತೀನಿ’ ಅಂತಷ್ಟೇ. ಅಳತೆಗೆ ಬರುವವರಿಗೆ 4ರಿಂದ 6. ಬಾಗಿಲಲ್ಲೂ ಬರೆದು ಅಂಟಿಸಿದ್ದೇನೆ. ಆದರೂ ಎಂಟೂವರೆಗೆ, ಕೈಯಲ್ಲಿ ತುತ್ತು ಇರುವಾಗ, ‘ಎರಡೇ ನಿಮಿಷ ಅಕ್ಕಾ’ ಅಂತ ಬರುವವರು ಇದ್ದೇ ಇದ್ದಾರೆ. ಅಳತೆ ಬ್ಲೌಸ್ ಇಸಿದುಕೊಂಡು, ನಾಳೆ ಫೋನ್ ಮಾಡ್ತೀನಿ ಅಂತ ಕಳಿಸುತ್ತೇನೆ. ಒಳಗೆ ಕರೆದು ಕೂರಿಸಿದರೆ ಮುಗಿಯಿತು, ಡಿಸೈನ್ ಫೋಟೋ ನೋಡುತ್ತಾ ಒಂಬತ್ತೂವರೆ ಆಗುತ್ತೆ.

ಮಷೀನ್ ಹಾಲ್‌ನಲ್ಲಿದ್ದರೆ ಮೂಲೆಗೆ ಸರಿಸಿ. ನಮ್ಮದು ಬಾಡಿಗೆ ಮನೆ, ಬೇರೆ ರೂಮಿಲ್ಲ. ಕೆಲಸ ಮುಗಿದ ಮೇಲೆ ಹಳೇ ಬೆಡ್‌ಶೀಟ್ ಹೊದಿಸುತ್ತೇನೆ. ಗುಂಡುಪಿನ್ನುಗಳನ್ನು ಆಯಸ್ಕಾಂತಕ್ಕೆ ಅಂಟಿಸಿ ಡಬ್ಬಿಗೆ ಹಾಕುತ್ತೇನೆ. ಮಗಳ ಹಾಸಿಗೆಯಲ್ಲಿ ಒಮ್ಮೆ ಪಿನ್ ಸಿಕ್ಕಿದ ಮೇಲೆ ಬಂದ ಬುದ್ಧಿ ಇದು.

ಕೈಹೊಲಿಗೆ ಮಾತ್ರ ನಾನು ಸಂಜೆಗೆ ಬಿಟ್ಟುಕೊಳ್ಳುತ್ತೇನೆ. ಮಗಳು ಹೋಂವರ್ಕ್ ಮಾಡುವಾಗ ಪಕ್ಕದಲ್ಲಿ ಕೂತು ಹುಕ್ಸ್ ಹಾಕೋದು ನನಗೆ ಇಷ್ಟ. ಅವಳು ಮಗ್ಗಿ ಹೇಳುತ್ತಾಳೆ, ನಾನು ಕಾಜಾ ಕಟ್ಟುತ್ತೇನೆ. ಹದಿಮೂರರ ಮಗ್ಗಿ ಬಂದಾಗ ಇಬ್ಬರೂ ತಡವರಿಸುತ್ತೇವೆ.