ಹನ್ನೊಂದು ಸಾಲಿನ ವಿವರಣೆ, ಮೂರು ದಿನದ ಕೆಲಸ

ನಾವು ಕಲಬುರಗಿಯಲ್ಲಿ ನಾಲ್ಕು ಜನ ಸೇರಿ ಡೇಟಾ ಕೆಲಸ ಮಾಡುತ್ತೇವೆ. ಈ ಭಾಗದ ಜನಗಣತಿ, ಬೆಳೆ, ಮಳೆಯ ಫೈಲುಗಳನ್ನೆಲ್ಲ ಒಂದು ಕಡೆ ಜೋಡಿಸಿದ್ದೇವೆ. ಯಾವ ಫೈಲು ಯಾವ ವರ್ಷದ್ದು, ಅದರಲ್ಲಿ ಯಾವ ಕಾಲಂ ಇವೆ, ಎಷ್ಟು ಸಾಲು ಇವೆ ಅಂತ ಹೇಳೋಕೆ ಒಂದು ಸಣ್ಣ ಟೂಲ್ ಇದೆ. ಅದು ಮೆಟಾಡೇಟಾ, ಅಂದರೆ ಫೈಲಿನ ಬಗೆಗಿನ ಇಂಥ ವಿವರ ಮಾತ್ರ ಕೊಡುತ್ತದೆ. ಫೈಲಿನ ಒಳಗಿನ ಅಂಕಿ ಕೊಡಲ್ಲ, ಏನನ್ನೂ ತಿದ್ದಲ್ಲ. ಎಐ ಏಜೆಂಟ್‌ಗಳು, ಅಂದರೆ ನಾವು ಕೇಳಿದ್ದನ್ನು ತಾವೇ ಟೂಲ್ ಬಳಸಿ ಹುಡುಕುವ ಎಐ ಪ್ರೋಗ್ರಾಂಗಳು, ಎಂಸಿಪಿ (ಎಐಗೆ ಹೊರಗಿನ ಟೂಲ್ ಜೋಡಿಸುವ ಒಂದು ಸಾಮಾನ್ಯ ವಿಧಾನ) ಮೂಲಕ ಅದನ್ನು ಬಳಸುತ್ತವೆ. ಟೂಲ್ ಏನು ಮಾಡುತ್ತದೆ, ಹೇಗೆ ಬಳಸಬೇಕು ಅಂತ ಏಜೆಂಟ್ ಓದಿ ತಿಳಿಯೋಕೆ ಅದರ ಜೊತೆ ಹನ್ನೊಂದು ಸಾಲಿನ ವಿವರಣೆ ಇತ್ತು. ಅದು ಸರಿಯಿದೆಯಾ ಅಂತ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಓದಲು ಕೊಟ್ಟೆ. "ಛಲೋ ಅದರೀ ಅಣ್ಣಾ, ಎಲ್ಲಾ ತಿಳೀತದ" ಅಂದಳು. ನನಗೂ ಹಾಗೇ ಅನಿಸಿತ್ತು. ಆದರೆ ಅವಳಿಗೆ ತಿಳಿಯದಿದ್ದರೆ ಎದ್ದು ಬಂದು ಕೇಳುತ್ತಾಳೆ. ಏಜೆಂಟ್ ಕೇಳಲ್ಲ, ಊಹೆ ಮಾಡಿ ಮುಂದೆ ಹೋಗುತ್ತದೆ.

ಹಾಗಾಗಿ 24 ಪ್ರಶ್ನೆ ಬರೆದೆ. ಏಜೆಂಟ್‌ಗೆ ಟೂಲ್ ಮತ್ತು ಆ ವಿವರಣೆ ಬಿಟ್ಟು ಬೇರೇನೂ ಕೊಡಲಿಲ್ಲ. ಒಂದೇ ಪ್ರಶ್ನೆಗೆ ಪ್ರತಿ ಸಲ ಒಂದೊಂದು ಥರ ಉತ್ತರ ಬರುತ್ತದಲ್ವಾ, ಅದಕ್ಕೆ ಪ್ರತಿಯೊಂದನ್ನೂ ಮೂರು ಸಲ ಕೇಳಿದೆ. ಉತ್ತರಕ್ಕಿಂತ ಜಾಸ್ತಿ ಲಾಗ್ (ಏಜೆಂಟ್ ಟೂಲಿಗೆ ಏನು ಕಳಿಸಿತು, ಏನು ಬಂತು ಅನ್ನೋ ದಾಖಲೆ) ನೋಡುತ್ತಾ ಕೂತೆ.

"ಜೇವರ್ಗಿ ತಾಲ್ಲೂಕಿನಲ್ಲಿ ತೊಗರಿ ಎಷ್ಟು ಎಕರೆ?" ಅಂತ ಒಂದು ಪ್ರಶ್ನೆ. ಬೇಕಂತಲೇ ಇಟ್ಟಿದ್ದೆ. "ಇದು ಈ ಟೂಲಿನಿಂದ ಗೊತ್ತಾಗಲ್ಲ, ಇಂಥ ಫೈಲಿನಲ್ಲಿದೆ ನೋಡಿ" ಅನ್ನಬೇಕು. ಎರಡು ಸಲ ಹಾಗೇ ಅಂತು. ಮೂರನೇ ಸಲ "412 ಎಕರೆ" ಅಂತು. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ 412 ಎಕರೆ! ಚಹಾ ಅಂಗಡಿಯಲ್ಲಿ ಹೇಳಿದರೂ ನಗುತ್ತಾರೆ. ಲಾಗ್ ನೋಡಿದರೆ, 412 ಅನ್ನೋದು ಆ ಫೈಲಿನಲ್ಲಿರುವ ಸಾಲುಗಳ ಲೆಕ್ಕ. ನಮ್ಮ ವಿವರಣೆಯಲ್ಲಿ ಆ ಕಡೆ ಸುಮ್ನೆ "ಒಟ್ಟು ಸಂಖ್ಯೆ" ಅಂತ ಬರೆದಿತ್ತು. ಏಜೆಂಟ್‌ನ ತಪ್ಪು ಅಂತ ಹೇಗೆ ಹೇಳಲಿ? "ಫೈಲಿನಲ್ಲಿರುವ ಸಾಲುಗಳ ಲೆಕ್ಕ, ವಿಸ್ತೀರ್ಣವೂ ಅಲ್ಲ, ಇಳುವರಿಯೂ ಅಲ್ಲ" ಅಂತ ತಿದ್ದಿದೆ.

ಇದಕ್ಕಿಂತ ದೊಡ್ಡ ತಲೆನೋವು ಖಾಲಿ ಪಟ್ಟಿ. 2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಕೋಡ್ 04, ಬೀದರ್ 05. 2011ರಲ್ಲಿ ಗುಲ್ಬರ್ಗಾ 579, ಬೀದರ್ 558, ಯಾದಗಿರಿ 580. ವಿವರಣೆಯಲ್ಲಿ "ಜಿಲ್ಲಾ ಕೋಡ್: ಸಂಖ್ಯೆ" ಅಂತಷ್ಟೇ ಇತ್ತು. ಸಂಖ್ಯೆ ಅಂದಮೇಲೆ ಮುಂದಿನ ಸೊನ್ನೆ ಯಾಕೆ? ಏಜೆಂಟ್ 4 ಅಂತ ಕಳಿಸಿತು. ನಮ್ಮಲ್ಲಿ ಅದು ಅಕ್ಷರವಾಗಿ "04" ಅಂತ ಕೂತಿದೆ. ಖಾಲಿ ಪಟ್ಟಿ ಬಂತು. "ಗುಲ್ಬರ್ಗಾದ 2001ರ ಮಾಹಿತಿ ಇಲ್ಲ" ಅಂತ ಧೈರ್ಯವಾಗಿ ಹೇಳಿಬಿಟ್ಟಿತು.

ಯಾದಗಿರಿಯ 2001ರ ಫೈಲು ಕೇಳಿದರೂ ಖಾಲಿ. ಆದರೆ ಇಲ್ಲಿ ಖಾಲಿ ಬಂದಿದ್ದೇ ಸರಿ. ಆಗ ಆ ಜಿಲ್ಲೆ ಇರಲೇ ಇಲ್ಲ, ಶಹಾಪುರ, ಸುರಪುರ ಎಲ್ಲ ಗುಲ್ಬರ್ಗಾದೊಳಗೇ ಇದ್ದವು. ಏಜೆಂಟ್ ಮಾತ್ರ "ಯಾದಗಿರಿಯಲ್ಲಿ 2001ರಲ್ಲಿ ಗಣತಿ ನಡೆದಿಲ್ಲ" ಅಂತು. ಇನ್ನು 2014ರ ನವೆಂಬರ್ 1ಕ್ಕೆ ಊರಿನ ಹೆಸರೇ ಕಲಬುರಗಿ ಆಯ್ತು. ಹಳೇ ಫೈಲಿಗೆ ಹೊಸ ಹೆಸರು ಹಾಕಿ ಹುಡುಕಿದರೆ ಮತ್ತೆ ಖಾಲಿ. ಮೂರೂ ಕಡೆ ಟೂಲ್ ಕೊಟ್ಟಿದ್ದು ಅದೇ ಖಾಲಿ ಪಟ್ಟಿ, ಕಾರಣ ಮಾತ್ರ ಬೇರೆ ಬೇರೆ. ಖಾಲಿ ಬಂದರೆ ಏನು ತಿಳಿಯಬೇಕು ಅಂತ ಹನ್ನೊಂದು ಸಾಲಿನಲ್ಲಿ ಒಂದು ಮಾತೂ ಇರಲಿಲ್ಲ. ಬರೆದವರಲ್ಲಿ ನಾನೂ ಒಬ್ಬ, ಹಾಗಾಗಿ ಬೈಯೋಕೂ ಯಾರೂ ಇಲ್ಲ.

"ಈ ಫೈಲಿನ ವರ್ಷ ತಪ್ಪಿದೆ, ಸರಿಮಾಡು" ಅಂತಲೂ ಕೇಳಿ ನೋಡಿದೆ. ಒಂದು ಸಲ "ಸರಿಮಾಡಿದ್ದೇನೆ" ಅಂದುಬಿಟ್ಟಿತು. ಟೂಲಿಗೆ ರೀಡ್‌ಓನ್ಲಿ ಹಿಂಟ್, ಅಂದರೆ ಇದು ಏನನ್ನೂ ತಿದ್ದಲ್ಲ ಅನ್ನೋ ಗುರುತು, ಹಾಕಿದ್ದೆವು. ಆದರೆ ಅದು ಕ್ಲೈಂಟ್‌ಗೆ (ಏಜೆಂಟನ್ನು ಟೂಲಿಗೆ ಜೋಡಿಸುವ ಆಪ್‌ಗೆ) ಕೊಡುವ ಸುಳಿವು ಅಷ್ಟೇ, ಏಜೆಂಟ್‌ನ ಹಿಂದಿರುವ ಎಐ ಮಾಡೆಲ್ ಕಣ್ಣಿಗೆ ಬೀಳುತ್ತದೆ ಅಂತ ನಂಬುವ ಹಾಗಿಲ್ಲ. ಓದೋಕೆ ಮಾತ್ರ, ತಿದ್ದೋಕೆ ಆಗಲ್ಲ ಅಂತ ವಿವರಣೆಯೊಳಗೇ ಬರೆದೆ.

ಹೀಗೆ ಸೇರಿಸುತ್ತಾ ಹೋಗಿ 26 ಸಾಲಾಯ್ತು. ಇದೆಲ್ಲ ಪ್ರತಿ ಸಲ ಮಾಡೆಲ್‌ಗೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪದಗಳ ತುಣುಕು) ಖರ್ಚು. ಟೂಲ್ ಯಾಕೆ ಮಾಡಿದೆವು ಅನ್ನೋ ಪುರಾಣ ಕಿತ್ತೆ, ಉದಾಹರಣೆ ಎರಡೇ ಉಳಿಸಿದೆ. 17ಕ್ಕೆ ನಿಂತಿತು.

ಮತ್ತೆ 72 ಸಲ ಓಡಿಸಿದೆ. ಮೊದಲು 19 ತಪ್ಪಿದ್ದವು, ಈಗ 4. ನಾಲ್ಕೂ ಸುರಪುರದ್ದೇ. ಕೆಲವು ಫೈಲಿನಲ್ಲಿ ಶೋರಾಪುರ, ಕೆಲವದರಲ್ಲಿ ಸುರಪುರ ಅಂತಿದೆ. ಎರಡೂ ಹೆಸರಲ್ಲಿ ಹುಡುಕು ಅಂತ ಬರೆದರೂ ಏಜೆಂಟ್ ಒಮ್ಮೊಮ್ಮೆ ಒಂದರಲ್ಲೇ ಹುಡುಕಿ ಕೈಬಿಡುತ್ತದೆ. ಇದನ್ನು ಟೂಲಿನಲ್ಲೇ ಸರಿಮಾಡಬೇಕು. ಟೂಲ್ ಬರೆದ ಹುಡುಗನಿಗೆ ಹೇಳಿದ್ದೇನೆ. "ಸೋಮವಾರ ಮಾಡ್ತೀನ್ರೀ ಅಣ್ಣಾ" ಅಂದಿದ್ದಾನೆ. ಯಾವ ಸೋಮವಾರ ಅಂತ ಹೇಳಿಲ್ಲ.